ಮಂಚದ ಕೆಳಗಿನ ದೇಶ

ನಮ್ಮ ಮಾಮಾನ ಮಂಚದ ಕೆಳಗೆ ಒಂದು ದೇಶ ಇದೆ. ನಗಬೇಡಿ, ನಾನೇ ಎಣಿಸಿದ್ದೇನೆ: ಒಟ್ಟು ನಲವತ್ತೆಂಟು ತುಂಡು. ಒಂದೊಂದೂ ಒಂದಡಿ ಉದ್ದ, ಒಂದಡಿ ಅಗಲ. ಎರಡು ಹೊಳೆ, ಐದು ಗುಡ್ಡ, ಒಂದು ಕಿಲ್ಲಾ. ಉಳಿದದ್ದು ಅಡವಿ ಮತ್ತು ಹೊಲ. ಈ ದೇಶಕ್ಕೆ ಹೊಲದ ಪಹಣಿ ಉತಾರ ಇಲ್ಲ, ಅದನ್ನು ಬರೆಯುವ ತಲಾಟಿ ಇಲ್ಲ, ಬದುವಿನ ಜಗಳ ಇಲ್ಲ. ಹೊಳೆ ಬೇಡವೆನಿಸಿದರೆ ಎತ್ತಿ ಗೋಡೆಗೆ ಆನಿಸಿ ಇಡಬಹುದು. ದೂಧಗಂಗೆಯ ದಂಡೆಯ ಸದಲಗಾದಲ್ಲಿ ಹುಟ್ಟಿದ ಮನುಷ್ಯನಿಗೆ ಹೊಳೆಯನ್ನು ಹೀಗೆ ಎತ್ತಿಡುವುದರಲ್ಲಿ ಎಂಥ ಸುಖ ಎಂಬುದು ಮಳೆಗಾಲದಲ್ಲಿ ಅಲ್ಲಿಗೆ ಬಂದವರಿಗಷ್ಟೇ ತಿಳಿದೀತು.

ಮಾಮಿಯ ಅಭಿಪ್ರಾಯ ಬೇರೆ. "ಮಂದಿ ಮಂಚದ ಕೆಳಗ ಉಳ್ಳಾಗಡ್ಡಿ ಇಡತಾರ, ಇವರು ಗುಡ್ಡಾ ಇಟ್ಟಾರ. ಕಸಾ ಹೊಡಿಬೇಕಂದ್ರ ಮೊದಲ ಒಂದ ಕಿಲ್ಲಾ ಸರಸಬೇಕು!"

ಇಷ್ಟಕ್ಕೂ ಮಾಮಾ ಯಾರು? ಮೂರು ಎಕರೆ ಕಬ್ಬು, ಎರಡು ಎಮ್ಮೆ, ಒಂದು ಬಿಳಿ ಟೋಪಿ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದರೆ ಊರಿನ ಯಾವ ಗಂಡಸಿಗಿಂತಲೂ ಹುಚ್ಚನಾಗಿ ಕಾಣುವುದಿಲ್ಲ. ಹುಚ್ಚು ಶುರುವಾಗುವುದು ಚಹಾ ಕುಡಿದ ಮೇಲೆ.

ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ನಾನು ದಿನಕ್ಕೆ ಮೂರು ಸಲ ಹೇಳುತ್ತೇನೆ ಎಂದು ನನ್ನ ತಮ್ಮನ ಆರೋಪ. ನಾಲ್ಕು ಸಲ ಹೇಳುತ್ತೇನೆ, ಅವನು ಒಂದು ಸಲ ಮನೆಯಲ್ಲಿ ಇರುವುದಿಲ್ಲ. ನಮ್ಮೂರು ತೆಲಸಂಗದಲ್ಲಿ ಹತ್ತನೆಯ ತರಗತಿ ಮುಗಿಸಿದಾಗ ಮನೆಯಲ್ಲಿ ಎಲ್ಲರೂ ಕೂತು "ಹುಡುಗಿಗೆ ಇಷ್ಟು ಸಾಕು" ಎಂದು ತೀರ್ಮಾನಿಸಿದ್ದರು. ಅದೇ ವಾರ ಅಕ್ಕನ ಮನೆಗೆಂದು ಬಂದ ಮಾಮಾ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ನನ್ನ ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಟ. "ಇಕಿ ನಮ್ಮನ್ಯಾಗ ಇದ್ದ ಕಾಲೇಜಿಗೆ ಹೋಗತಾಳ" ಎಂದ. ನಮ್ಮಪ್ಪ ಉತ್ತರ ಹುಡುಕಿ ಮುಗಿಸುವಷ್ಟರಲ್ಲಿ ಬಸ್ಸು ಅಥಣಿ ದಾಟಿತ್ತು. ಆಮೇಲೆ ಐದು ವರ್ಷ ನಾನು ಸದಲಗಾದಿಂದ ಚಿಕ್ಕೋಡಿಗೆ ಬಸ್ಸಿನಲ್ಲಿ ಓಡಾಡಿ ಬಿ.ಎ. ಆದೆ. ಅದರಲ್ಲಿ ಮೂರು ವರ್ಷ ನಿಂತೇ ಹೋಗಿದ್ದೇನೆ.

ಹೀಗೆ ಪಡೆದ ಡಿಗ್ರಿ ಮೊಟ್ಟಮೊದಲು ಉಪಯೋಗಕ್ಕೆ ಬಿದ್ದದ್ದು ಯಾವುದಕ್ಕೆ? ಕುದುರೆ ಗುಡ್ಡ ಹತ್ತಬಹುದೋ ಹತ್ತಬಾರದೋ ಎಂದು ಹೇಳಲಿಕ್ಕೆ!

ಕತೆ ಶುರುವಾದದ್ದು ದೀಪಾವಳಿಯಲ್ಲಿ. ನಮ್ಮ ಗಡಿಭಾಗದಲ್ಲಿ ದೀಪಾವಳಿಗೆ ಮಕ್ಕಳು ಮನೆಯ ಮುಂದೆ ಮಣ್ಣಿನ ಕಿಲ್ಲಾ ಕಟ್ಟುತ್ತಾರೆ. ಕಲ್ಲು ಒಟ್ಟಿ, ಚೀಲ ಹೊದಿಸಿ, ಕೆಸರು ಬಳಿದು, ಸಾಸಿವೆ ಚೆಲ್ಲುತ್ತಾರೆ. ನಾಲ್ಕು ದಿನದಲ್ಲಿ ಗುಡ್ಡ ಹಸಿರಾಗುತ್ತದೆ. ಮೇಲೆ ಮಣ್ಣಿನ ಸಿಪಾಯಿಗಳು ನಿಲ್ಲುತ್ತಾರೆ. ಇದು ಏಳನೆಯ ಎಂಟನೆಯ ತರಗತಿಯವರೆಗಿನ ಕೆಲಸ. ಮೀಸೆ ಬಂದವನು ಬಿಟ್ಟುಬಿಡುತ್ತಾನೆ. ಮಾಮಾ ಬಿಡಲಿಲ್ಲ. ಮೀಸೆ ಬಂತು, ಬೆಳ್ಳಗೂ ಆಯಿತು, ಕಿಲ್ಲಾ ಮಾತ್ರ ವರ್ಷಕ್ಕೊಂದು ಗೇಣು ಎತ್ತರವಾಗುತ್ತ ಹೋಯಿತು. ಓಣಿಯ ಮಕ್ಕಳು ನೋಡಲು ಬಂದರೆ, "ಕೈ ಹಚ್ಚಬ್ಯಾಡ್ರಿ, ಹಸಿ ಐತಿ" ಎಂದು ಬೆತ್ತ ತೋರಿಸುತ್ತಿದ್ದ.

ನಾನು ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಾಗ ಕಟ್ಟಿದ್ದು ಎಲ್ಲಕ್ಕಿಂತ ದೊಡ್ಡ ಕಿಲ್ಲಾ. ಮೂರು ಸುತ್ತಿನ ಗೋಡೆ, ಗುಪ್ತ ದಾರಿ, ನೀರಿನ ಹೊಂಡ. ಯಾವ ಶತ್ರುವೂ ಒಳಗೆ ಬರದಂತೆ ಕಟ್ಟಿದ್ದೇನೆ ಎಂದು ಮಾಮಾ ಊರಿಗೆಲ್ಲ ಹೇಳಿಕೊಂಡು ಬಂದ. ಪಾಡ್ಯದ ಬೆಳಿಗ್ಗೆ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಶೃಂಗಾರ ಮಾಡಿ ಬಿಟ್ಟಿದ್ದ ನಮ್ಮ ದೊಡ್ಡ ಎಮ್ಮೆ ಬಂದು ಅದರ ಮೇಲೆ ಕೂತಿತು. ಮೆತ್ತಗೆ, ತಣ್ಣಗೆ ಇದ್ದ ಜಾಗ, ಎಮ್ಮೆಯದೇನು ತಪ್ಪು? ಸಂಜೆಯವರೆಗೆ ಏಳಲಿಲ್ಲ.

ಮಾಮಾ ಮೂರು ದಿನ ಸಲಿಕೆ ಹಿಡಿದು ಮಣ್ಣು ಎತ್ತಿದ. ನಾಲ್ಕನೆಯ ದಿನ ಹೇಳಿದ: "ಎತ್ತಿ ಒಳಗ ಇಡೂವಂಥಾ ಕಿಲ್ಲಾ ಕಟ್ಟಬೇಕು."

ಆಗ ಅವನ ಕೈಗೆ ಹೊಸ ಮೊಬೈಲ್ ಬಂದಿತ್ತು. ಅದರಲ್ಲಿ ಯಾವ ದೇಶದವನೋ ಒಬ್ಬ ಗಡ್ಡದವನು ಸಿಕ್ಕ. ಆ ಮನುಷ್ಯ ಥರ್ಮಾಕೋಲಿನಲ್ಲಿ ಗುಡ್ಡ, ಕಣಿವೆ, ಊರು ಮಾಡುತ್ತಿದ್ದ, ಎಲ್ಲವೂ ಚೌಕ ಚೌಕ ತುಂಡಿನಲ್ಲಿ. ಜೋಡಿಸಿದರೆ ರಣರಂಗ, ಬಿಚ್ಚಿದರೆ ಪೆಟ್ಟಿಗೆ. ಮೇಲೆ ಬೆರಳುದ್ದದ ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ, ಇಬ್ಬರು ಮುದುಕರು ಯುದ್ಧ ಆಡುತ್ತಿದ್ದರು. ಮಾಮಾ ನನ್ನನ್ನು ಕರೆದು ಆ ಮುದುಕರನ್ನು ತೋರಿಸಿದ. "ನೋಡವಾ, ಎಂಥಾ ಶಾಣ್ಯಾ ಮಂದಿ!"

ಅಂದಿನಿಂದ ಊರಲ್ಲಿ ಯಾರ ಮನೆಗೆ ಫ್ರಿಜ್ಜು ಬಂದರೂ ಆರತಿ ಹಿಡಿದವರಿಗಿಂತ ಮೊದಲು ಮಾಮಾ ಹಾಜರು. ಫ್ರಿಜ್ಜಿನ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. "ಇದರ ಜೋಡಿ ಬಂದ ಥರ್ಮಾಕೋಲ್ ಎಲ್ಲೈತ್ರಿ?" ಒಂದು ಮದುವೆಯಲ್ಲಿ ಮದುಮಕ್ಕಳು ಊಟಕ್ಕೆ ಎದ್ದಾಗ ಅವರ ಕುರ್ಚಿಯ ಹಿಂದಿದ್ದ ಥರ್ಮಾಕೋಲಿನ ಹೆಸರುಗಳನ್ನು ಬಿಚ್ಚಿಕೊಂಡು ಬಂದ. ಬೀಗರ ಫೋಟೊ ಇನ್ನೂ ಬಾಕಿ ಇತ್ತಂತೆ. ಇವತ್ತಿಗೂ ಆ ದೇಶದ ಅತಿ ಎತ್ತರದ ಗುಡ್ಡವನ್ನು ಮಗುಚಿದರೆ ತಳದಲ್ಲಿ "ಚಿ. ಸೌ." ಎಂದು ಕಾಣುತ್ತದೆ.

ಕುದಿಸಿ ಬಿಟ್ಟ ಚಹಾಪುಡಿ ಒಣಗಿ ಎರೆಹೊಲವಾಯಿತು. ತೆಂಗಿನ ನಾರು ಅಡವಿಯಾಯಿತು. ತಿನ್ನುವ ಹಸಿರು ಬಣ್ಣ ಕಲಸಿದ ರವೆ ಹುಲ್ಲಾಯಿತು. ಆ ರವೆಯ ಡಬ್ಬಿ ಅಡುಗೆಮನೆಯಲ್ಲೇ ಇತ್ತು ಎನ್ನುವುದು ಮಾಮಿಗೆ ತಿಳಿದದ್ದು ಶೇಡಬಾಳದಿಂದ ನೆಂಟರು ಬಂದ ದಿನ. ಅವಸರದಲ್ಲಿ ಮಾಡಿದ ಶಿರಾ ಗಿಳಿಯ ಬಣ್ಣಕ್ಕೆ ತಿರುಗಿತು. ನೆಂಟರು ಎರಡೆರಡು ಸಲ ಹಾಕಿಸಿಕೊಂಡು, "ಪಿಸ್ತಾ ಹಾಕೀರೇನ್ರಿ?" ಎಂದರು. ಮಾಮಿ "ಹೌದ್ರಿ" ಎಂದಳು. ಒಳಗಿನಿಂದ ಮಾಮಾನ ನಿಟ್ಟುಸಿರು ಕೇಳಿತು. ನಾಲ್ಕು ತುಂಡಿನ ಹುಲ್ಲು ಅವರ ಹೊಟ್ಟೆ ಸೇರಿತ್ತು.

ದೇಶ ಕಟ್ಟಬಹುದು, ಒಬ್ಬನೇ ಯುದ್ಧ ಮಾಡಲಾಗುತ್ತದೆಯೇ? ಎದುರಿಗೆ ಒಬ್ಬ ಬೇಕು. ಆ ಒಬ್ಬನೇ ಬಸ್‌ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟ ಟೇಲರ್ ಚಾಚಾ. ಮಾಮಾನೂ ಅವನೂ ಒಂದೇ ಶಾಲೆಯಿಂದ ಒಂದೇ ದಿನ ಓಡಿಹೋಗಿ ಒಂದೇ ಏಟು ತಿಂದವರು. ಮಾಮಾನ ಮೊದಲ ಹತ್ತು ತುಂಡು ನೋಡಿದ ಚಾಚಾ ಕೊರಳಿನ ಟೇಪು ತೆಗೆದು ಅಳೆದು, "ಒಂದಕ್ಕೊಂದು ಅರ್ಧ ಬೆರಳ ಫರಕ್ ಐತಲ್ಲಲೇ! ದೇಶಾ ಹೊಲಿಯೂದಂದ್ರ ಚೀಲಾ ಹೊಲಿದಂಗ ತಿಳಿದಿಯೇನ?" ಎಂದ. ಹತ್ತನ್ನೂ ಮುರಿಸಿ ಮತ್ತೆ ಕತ್ತರಿಸಿದ. ಪ್ರತಿ ತುಂಡಿನ ನಾಲ್ಕೂ ಅಂಚಿನ ನಟ್ಟನಡುವೆ ದಾರಿ ಹೊರಬೀಳಬೇಕು, ಯಾವ ತುಂಡಿಗೆ ಯಾವ ತುಂಡು ಹಚ್ಚಿದರೂ ದಾರಿಗೆ ದಾರಿ ಕೂಡಬೇಕು ಎನ್ನುವ ಕಾಯ್ದೆ ಚಾಚಾನದು. ಸೈನ್ಯವೂ ಅವನ ಅಂಗಡಿಯದೇ. ನಾಲ್ಕು ತೂತಿನ ಗುಂಡಿ ಮಾಮಾನ ಕಾಲಾಳು, ಎರಡು ತೂತಿನದು ಚಾಚಾನದು. ಕೋಟಿನ ದೊಡ್ಡ ಗುಂಡಿ ಕುದುರೆ. ಹೊಲಿಗೆ ಮೆಷಿನ್ನಿನ ದಾರ ಸುತ್ತುವ ಬಾಬಿನ್ನು ಗುಂಡು ಹಾರಿಸುವ ತೋಪು.

ಭಾನುವಾರ ಮಧ್ಯಾಹ್ನ ಪಡಸಾಲೆಯಲ್ಲಿ ಹಿಂಡಿಚೀಲಗಳ ಮೇಲೆ ಹಳೆಯ ಬಾಗಿಲೊಂದನ್ನು ಮಲಗಿಸಿ, ಅದರ ಮೇಲೆ ಹದಿನೆಂಟು ತುಂಡು ಜೋಡಿಸುತ್ತಿದ್ದರು. ವಾರಕ್ಕೊಂದು ಹೊಸ ದೇಶ. ಟೇಪಿನಿಂದ ಅಳೆದು ಅಳೆದು ಗುಂಡಿಗಳು ನಡೆಯುತ್ತಿದ್ದವು. ಸತ್ತ ಗುಂಡಿಗಳನ್ನು ಮಾಮಿಯ ಸಾಸರಿನಲ್ಲಿ ಹಾಕುತ್ತಿದ್ದರು.

ಆಟದ ನಿಯಮಗಳು ಹನ್ನೆರಡು ಪುಟ, ಎಲ್ಲವೂ ಇಂಗ್ಲಿಷು. ಚಿಕ್ಕೋಡಿಯ ಝೆರಾಕ್ಸ್ ಅಂಗಡಿಯಲ್ಲಿ ನಾನೇ ಪ್ರಿಂಟು ಹಾಕಿಸಿ ತಂದಿದ್ದೆ. ಇಂಗ್ಲಿಷು ನಾನು ಎರಡನೆಯ ಸಲಕ್ಕೆ ಪಾಸಾದ ಪೇಪರು. ಅದನ್ನು ಮಾಮಾನಿಗೆ ಹೇಳಿರಲಿಲ್ಲ. ಊರಿಗೆಲ್ಲ "ನಮ್ಮ ಹುಡುಗಿ ಇಂಗ್ಲಿಷ್ ನೀರ ಕುಡಿದಂಗ ಓದತಾಳ" ಎಂದು ಹೇಳಿಕೊಂಡು ಬಂದವನಿಗೆ ಹೇಗೆ ಹೇಳಲಿ? ಆರು ಪುಟ ಹೇಗೋ ಆಯಿತು. ಏಳನೆಯ ಪುಟದಲ್ಲಿ ಗುಡ್ಡದ ಬಗ್ಗೆ ಒಂದು ಸಾಲಿತ್ತು. ನಾಲ್ಕು ಮೊಳ ಉದ್ದದ ಸಾಲು. ನಾಲ್ಕು ಸಲ ಓದಿದೆ, ತಲೆಬುಡ ತಿಳಿಯಲಿಲ್ಲ. ಗೊತ್ತಿಲ್ಲ ಎನ್ನಲು ಡಿಗ್ರಿ ಅಡ್ಡ ಬಂತು.

ಒಂದು ದಿನ ಮಾಮಾ ಕೇಳಿದ: "ಗುಡ್ಡದ ಹಿಂದ ನಿಂತ ತೋಪಿಗೆ ಆಚೀಕಡೆ ಕಿಲ್ಲಾದ ಬಾಗಲಾ ಕಾಣತೈತೇನವಾ?" ಕಂಡರೆ ಹಾರಿಸಬಹುದು, ಕಾಣದಿದ್ದರೆ ಇಲ್ಲ. ನಾನು ಹಾಲಿನ ಕ್ಯಾನು ತೊಳೆಯುತ್ತಿದ್ದೆ. "ಕಾಣಂಗಿಲ್ಲ ಮಾಮಾ" ಎಂದೆ, ಗಟ್ಟಿಯಾಗಿ. ಇನ್ನೊಂದು ದಿನ ಚಾಚಾ ತನ್ನ ಅಂಗಡಿಯಲ್ಲಿ ಅದನ್ನೇ ಕೇಳಿದ. "ಕಾಣತೈತಿ ಅಲ್ಲನ ಬೇಟಾ?" ಕಾಲೇಜಿನ ಸೆಂಡಾಫಿಗೆ ನನ್ನ ಸೀರೆಯ ಜಂಪರ ಸೋಮವಾರದೊಳಗೆ ಹೊಲಿದಾಗಬೇಕಿತ್ತು. "ಹೌದ ಚಾಚಾ, ಚೊಲೋ ಕಾಣತೈತಿ" ಎಂದೆ, ಇನ್ನೂ ಗಟ್ಟಿಯಾಗಿ. ಜಂಪರ ಶನಿವಾರವೇ ಸಿಕ್ಕಿತು.

ಬೆಲೆ ತೆತ್ತದ್ದು ನಾನು ಡಿಗ್ರಿ ಮುಗಿಸಿದ ವರ್ಷ. ಆ ಭಾನುವಾರ ಚಾಚಾ ಗುಡ್ಡದ ಹಿಂದಿನಿಂದ ಬಾಬಿನ್ನು ಹಾರಿಸಿದ. ದಾಳ ಆರು ಬಿತ್ತು.

"ನಿನ್ನ ಬಾಗಲಾ ಹೋತು. ತಗಿ."

"ಹೆಂಗ ಹೋತು? ನಡುವ ಗುಡ್ಡ ಐತಿ. ನಿನ್ನ ತೋಪಿಗೆ ನನ್ನ ಬಾಗಲಾ ಕಾಣಂಗಿಲ್ಲ."

"ಕಾಣತೈತಿ!"

"ಕಾಣಂಗಿಲ್ಲ. ಡಿಗ್ರಿ ಓದಿದಾಕಿ ಹೇಳ್ಯಾಳ."

"ನನಗೂ ಡಿಗ್ರಿ ಓದಿದಾಕೀನ ಹೇಳ್ಯಾಳಲೇ!"

ಇಬ್ಬರೂ ನನ್ನ ಕಡೆ ತಿರುಗಿದರು. ಆಗ ಪದವೀಧರೆ ಏನು ಮಾಡಿದಳು? "ಎಮ್ಮಿಗೆ ನೀರ ಕುಡಿಸಿಲ್ಲ" ಎಂದು ಹಿತ್ತಲಿಗೆ ಹೋದಳು. ಎಮ್ಮೆಗೆ ಬಾಯಾರಿಕೆ ಇರಲಿಲ್ಲ. ಅಲ್ಲಿಂದ ಎಲ್ಲ ಕೇಳುತ್ತಿತ್ತು. ನಲವತ್ತು ವರ್ಷದ ಹಳೆಯ ಲೆಕ್ಕಗಳೆಲ್ಲ ಹೊರಬಂದವು. ಶಾಲೆಯಲ್ಲಿ ಕದ್ದ ಪೆನ್ಸಿಲ್ಲು ಕೂಡ. ಕೊನೆಗೆ ಮಾಮಾನ ದನಿ: "ಅಷ್ಟ ದೊಡ್ಡ ಗುಡ್ಡ ಕಾಣವಲ್ದಾ? ನಿನ್ನ ಕಣ್ಣ ಹೋಗ್ಯಾವೇನ್ಲೇ?"

ನಾನು ಒಳಗೆ ಬಂದಾಗ ಚಾಚಾನ ಕುರ್ಚಿ ಖಾಲಿ. ಹಾಸಿದ್ದ ಹಳೆಯ ಬಾಗಿಲಿನ ಮೇಲೆ ನಾಲ್ಕು ತೂತಿನ ಗುಂಡಿಗಳು ಮಾತ್ರ ಇದ್ದವು. ಚಾಚಾ ತನ್ನ ಸೈನ್ಯವನ್ನು ಜೇಬಿಗೆ ಹಾಕಿಕೊಂಡು ಹೋಗಿದ್ದ.

ಎರಡು ವರ್ಷ ಮಾತಿಲ್ಲ. ದಾರಿಯಲ್ಲಿ ಮಾಮಾ ಎದುರಾದರೆ ಚಾಚಾ ನಿಂತು, ಗಂಟಲು ಸರಿಮಾಡಿಕೊಂಡು, ಪಕ್ಕಕ್ಕೆ ಉಗುಳಿ ಮುಂದೆ ಹೋಗುವನು. ಮಾಮಾ ಟೋಪಿ ಝಾಡಿಸಿ ಮುಂದೆ ಹೋಗುವನು. ಒಂದು ಸಲವೂ ಇಬ್ಬರಲ್ಲಿ ಯಾರೂ ಇದನ್ನು ತಪ್ಪಿಸಲಿಲ್ಲ. ಭಾನುವಾರ ಮಾಮಾ ದೇಶ ಹಾಸುತ್ತಿದ್ದ. ಎರಡೂ ಕಡೆ ತಾನೇ ಕೂತು ನೋಡಿದ. "ನನಗ ನಾನ ಮೋಸಾ ಮಾಡಾಕತ್ತೇನಿ" ಎಂದು ಬಿಟ್ಟುಬಿಟ್ಟ. ಆಮೇಲೆ ಬರೀ ಹಾಸುವುದು, ನೋಡುವುದು, ತೆಗೆದಿಡುವುದು. ನನಗೆ ರಾಯಬಾಗದ ಹತ್ತಿರ ಒಂದು ಶಾಲೆಯಲ್ಲಿ ನೌಕರಿ ಸಿಕ್ಕಿತು. ಮಕ್ಕಳಿಗೆ "ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನಬೇಕು" ಎಂದು ಪಾಠ ಮಾಡುತ್ತಿದ್ದೆ. ನಾಚಿಕೆ? ಇತ್ತು. ಆದರೆ ಭಾನುವಾರ ಸದಲಗಾಕ್ಕೆ ಹೋದಾಗ ಮಾತ್ರ.

ಕಳೆದ ಶ್ರಾವಣದಲ್ಲಿ ಹೋದಾಗ ಮಾಮಿ ಬಾಗಿಲಲ್ಲೇ ನಿಲ್ಲಿಸಿದಳು. "ನಿಮ್ಮ ಮಾಮಾಗ ಪೂರಾ ತಲಿ ಕೆಟ್ಟೇತಿ. ಮಂಗಳವಾರ ಡೇರಿಯಿಂದ ಬಂದವರು ಚಹಾನೂ ಕುಡಿಲಿಲ್ಲ. ಕುಂತು ಎಲ್ಲಾ ಕೆರಿಯಾಕತ್ತಾರ!"

ಒಳಗೆ ನೋಡಿದರೆ ನಿಜ. ಆರು ವರ್ಷ ಕೂತು ಹಚ್ಚಿದ ಹುಲ್ಲು, ಹೊಲ, ಹೊಳೆಯ ನೀಲಿ, ಎಲ್ಲವನ್ನೂ ಮಾಮಾ ಕಳೆ ತೆಗೆಯುವ ಕುರುಪಿಯಿಂದ ಹೆರೆದು ತೆಗೆಯುತ್ತಿದ್ದ. ನಲವತ್ತೆಂಟು ತುಂಡೂ ಬೋಳು. ಕೇಳಿದರೆ, "ಬಣ್ಣಾ ಭಾಳ ಆಗಿತ್ತು" ಎಂದ. ಊಟಕ್ಕೆ ಕೂತು ಕಣ್ಣು ಮುಚ್ಚಿದ. ತಾಟಿನ ಮೇಲೆ ಬೆರಳಾಡಿಸುತ್ತ, "ಇದು ಝುಣಕಾ... ಇದು ರಂಜಕಾ" ಎನ್ನುತ್ತಿದ್ದ. ರಂಜಕ, ಅಂದರೆ ಕೆಂಪು ಮೆಣಸಿನ ಚಟ್ನಿ, ಎಂದು ಹೇಳಿದ್ದು ಉಪ್ಪಿನಕಾಯಿಗೆ. ಆಮೇಲೆ ಮರೆತು ಅದೇ ಬೆರಳಿನಿಂದ ಕಣ್ಣು ಒರೆಸಿಕೊಂಡ. ಒಂದು ತಾಸು ನಿಜವಾಗಿಯೂ ಕಣ್ಣು ತೆರೆಯಲಿಲ್ಲ.

ಮರುದಿನ ರಜೆ ಇತ್ತು. ನನ್ನನ್ನು ಕರೆದುಕೊಂಡು ನಿಪ್ಪಾಣಿಗೆ ಹೊರಟ. ದೊಡ್ಡ ಬಟ್ಟೆ ಅಂಗಡಿಯೊಂದಕ್ಕೆ ಹೊಕ್ಕು, ಕಣ್ಣು ಮುಚ್ಚಿ, ಥಾನುಗಳ ಮೇಲೆ ಕೈಯಾಡಿಸುತ್ತ ನಡೆದ. ಮಖಮಲ್ಲು ಮುಟ್ಟಿ "ಹುಲ್ಲು" ಎಂದ. ಸಾಟಿನ್ ಮುಟ್ಟಿ "ಹೊಳಿ" ಎಂದ. ದುಡ್ಡಿನ ಗಲ್ಲೆಯ ಮೇಲಿದ್ದವರು ನನ್ನ ಕಡೆ ಮರುಕದಿಂದ ನೋಡಿದರು. ನಾನು ಗೋಡೆಯ ಕ್ಯಾಲೆಂಡರು ಓದತೊಡಗಿದೆ. ಕಣ್ಣು ಮುಚ್ಚಿದವನಿಗೆ ಅಂಗಡಿಯವರು ಮಡಿಸಿಟ್ಟ ಸೀರೆ ಯಾವುದು, ಗಿರಾಕಿ ಉಟ್ಟ ಸೀರೆ ಯಾವುದು, ಹೇಗೆ ತಿಳಿಯಬೇಕು? ಮಾಮಾ ಒಬ್ಬ ಅಜ್ಜಿಯ ಸೆರಗಿನ ತುದಿ ಹಿಡಿದು ಬಹಳ ಹೊತ್ತು ಬೆರಳಲ್ಲಿ ಹೊಸೆದು, "ಇದು ಎರಿಹೊಲಕ್ಕ ಆಗತೈತಿ" ಎಂದ.

"ಕಾಕಾ," ಎಂದ ಅಂಗಡಿಯವ, "ಅದು ಮಾರೂದಲ್ರಿ."

ಹೊರಗೆ ಕಳಿಸಿದರು. ಮರ್ಯಾದೆಯಿಂದಲೇ ಕಳಿಸಿದರು, ಒಬ್ಬೊಬ್ಬರು ಒಂದೊಂದು ರಟ್ಟೆ ಹಿಡಿದು. ಬಸ್ಸಿನಲ್ಲಿ ಮಾಮಾ ಟೋಪಿಯ ಅಂಚನ್ನು ಬೆರಳಲ್ಲಿ ಹೊಸೆಯುತ್ತ ಕೂತಿದ್ದ. ಸದಲಗಾ ಬಂದಾಗ ಹೇಳಿದ: "ಟೇಲರ್ ಅಂಗಡ್ಯಾಗ ಚೂರ ಬಟ್ಟಿ ಇರತಾವು. ನಾಕ ಥರದ್ದು ಇಸ್ಕೊಂಡ ಬಾ. ನಾ ಕೇಳೇನಿ ಅನಬ್ಯಾಡ. ಎಮ್ಮಿ ಬೆನ್ನಿಗೆ ಹೊದಿಸಾಕ ಝೂಲ ಹೊಲೀಬೇಕು ಅನ್ನು."

ಎರಡು ವರ್ಷದಿಂದ ನಾನು ಆ ಅಂಗಡಿಯ ಕಡೆ ಹೋಗಿರಲಿಲ್ಲ. ಮೆಷಿನ್ನಿನ ಮೇಲೆ ಚಾಚಾನ ಸೊಸೆ ಕೂತಿದ್ದಳು. ಚಾಚಾ ಬಾಗಿಲಲ್ಲಿ ಸ್ಟೂಲಿನ ಮೇಲೆ. ಕೊರಳಲ್ಲಿ ಟೇಪು ಹಾಗೇ ಇತ್ತು. ನಾನು ಎದುರು ನಿಂತೆ. ಅವನು ನನ್ನ ಭುಜದ ಆಚೆ ಎಲ್ಲೋ ನೋಡುತ್ತಿದ್ದ.

"ಚಾಚಾ."

"ಅರೆ! ಡಿಗ್ರಿ!" ಎಂದ. ದನಿಯ ಕಡೆ ಮುಖ ತಿರುಗಿತು, ಕಣ್ಣು ತಿರುಗಲಿಲ್ಲ.

ಸಕ್ಕರೆ ಕಾಯಿಲೆ ಎಂದು ಸೊಸೆ ಹೇಳಿದಳು. ಮಿರಜದ ಆಸ್ಪತ್ರೆಗೆ ಎರಡು ಸಲ ಕರೆದುಕೊಂಡು ಹೋಗಿದ್ದರು. ದೃಷ್ಟಿ ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಚಾಚಾ ಚೂರುಬಟ್ಟೆಯ ಗಂಟು ಬಿಚ್ಚಿ ಒಂದೊಂದನ್ನೇ ಬೆರಳಿನಿಂದ ಸವರಿ ನನ್ನ ಕೈಗಿಟ್ಟ. "ಇದು ಮಖಮಲ್. ಇದು ಕಾರ್ಡುರಾಯ್, ನೇಗಲಾ ಹೊಡದಂಗ ಗೀರ ಇರತಾವ ನೋಡು. ಇದು ಸಾಟಿನ್. ಇದು ತಾಡಪತ್ರಿ, ಲಾರಿ ಮ್ಯಾಲ ಹೊದಸತಾರಲ್ಲ." ಒಂದೂ ತಪ್ಪಲಿಲ್ಲ. "ಎಮ್ಮಿಗೆ ಮಖಮಲ್ಲಿನ ಝೂಲ ಯಾಕ ಬೇಟಾ?" ಎಂದು ಮಾತ್ರ ಕೇಳಿದ. ನಾನು ಚೂರುಗಳನ್ನು ಚೀಲಕ್ಕೆ ತುಂಬಿಕೊಂಡೆ. ಮಾಮಾ ಆರು ವರ್ಷದ ಬಣ್ಣ ಯಾಕೆ ಹೆರೆದ ಎಂಬುದು ಅಲ್ಲಿ ನಿಂತಾಗ ಗೊತ್ತಾಯಿತು.

ಮನೆಗೆ ಬಂದು ಕೇಳಿದೆ: "ಮಾಮಾ, ನಿನಗ ಯಾರ ಹೇಳಿದ್ರು?"

"ಯಾರ ಹೇಳತಾರ? ಮಂಗಳವಾರ ಎದುರ ಬಂದ. ಉಗುಳಲಿಲ್ಲ." ಮಾಮಾ ಬೋಳು ತುಂಡೊಂದನ್ನು ತಿರುಗಿಸುತ್ತ ಕೂತಿದ್ದ. "ನಾ ಟೋಪಿ ಝಾಡಿಸಿದ್ನಿ. ಆದ್ರೂ ಉಗುಳಲಿಲ್ಲ. ನನ್ನ ಮಾರಿ ಕಾಣಲಿಲ್ಲ ಅವಗ." ತುಂಡನ್ನು ತೊಡೆಯ ಮೇಲಿಟ್ಟು, "ಅವತ್ತ ಆ ಕಣ್ಣಿನ ಮಾತು ನಾ ಆಡಬಾರದಿತ್ತು" ಎಂದ.

ನಾನೂ ಹೇಳಿಬಿಟ್ಟೆ. ಏಳನೆಯ ಪುಟದ ಸಾಲು ನನಗೆ ತಿಳಿದಿರಲಿಲ್ಲ, ಇಬ್ಬರಿಗೂ ಬಾಯಿಗೆ ಬಂದದ್ದು ಹೇಳಿದೆ, ಇಂಗ್ಲಿಷಿನಲ್ಲಿ ಒಂದು ಸಲ ನಪಾಸೂ ಆಗಿದ್ದೆ. ಮಾಮಾ ತಲೆ ಎತ್ತಲಿಲ್ಲ.

"ಗೊತ್ತಿತ್ತ ಬಿಡು. ನಿನಗ ತಿಳೀದಿದ್ದಾಗ ನೀ ಭಾಳ ಗಟ್ಟಿಯಾಗಿ ಹೇಳತಿ."

ಮುಂದಿನ ಮೂರು ವಾರ ಹೊಲಕ್ಕೆ ಕಾರ್ಡುರಾಯ್, ಹುಲ್ಲಿಗೆ ಮಖಮಲ್ಲು, ಹೊಳೆಗೆ ಸಾಟಿನ್ನು, ದಾರಿಗೆ ತಾಡಪತ್ರಿ ಅಂಟಿದವು. ತೆಂಗಿನ ನಾರಿನ ಅಡವಿ ಮತ್ತೆ ಎದ್ದಿತು. ದಾಳದ ಬದಲು ಕವಡೆ ಬಂದವು. ಬೋರಲೋ ಅಂಗಾತವೋ ಬೆರಳಿಗೆ ತಿಳಿಯುತ್ತದೆ. ಗುಂಡಿಗಳನ್ನು ಬದಲಿಸುವ ಪ್ರಸಂಗವೇ ಬರಲಿಲ್ಲ. ನಾಲ್ಕು ತೂತು, ಎರಡು ತೂತು. ಭಾನುವಾರ ಮಾಮಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಟೇಲರ್ ಅಂಗಡಿಗೆ ಹೋದ. ನಾನು ಹಿಂದೆ ಹೋದೆ, ಸಾಕ್ಷಿಗೆ. ಸ್ಟೂಲಿನ ಎದುರು ನಿಂತು ಗಂಟಲು ಸರಿಮಾಡಿಕೊಂಡ. ಟೋಪಿ ಝಾಡಿಸಿದ. ಕೊನೆಗೆ ಪಕ್ಕಕ್ಕೆ ಉಗುಳಿದ.

ಚಾಚಾನ ಮುಖ ಅರಳಿತು. "ಬಂದೀಯೇನ್ಲೇ?"

ನಮ್ಮ ಪಡಸಾಲೆಗೆ ಬಂದು ಆಡಲು ಕೂತಾಗ ಚಾಚಾ ಹದಿನೆಂಟು ತುಂಡಿನ ಮೇಲೂ ಬೆರಳಾಡಿಸಿದ, ನಿಧಾನವಾಗಿ, ತುದಿಯಿಂದ ತುದಿಗೆ. "ಇಲ್ಲಿ ಅಂಟು ಎದ್ದೈತಿ," ಎಂದ. "ಈ ಹೊಲಕ್ಕ ಗೀರ ಅಡ್ಡಡ್ಡ ಹಚ್ಚೀದಿ." ಒಂದು ಅಂಚಿನಲ್ಲಿ ದಾರಿಗೆ ದಾರಿ ಕೂಡಿದ ಜಾಗದಲ್ಲಿ ಬೆರಳು ಬಹಳ ಹೊತ್ತು ನಿಂತಿತು. ಜೇಬಿನಿಂದ ಎರಡು ತೂತಿನ ಗುಂಡಿಗಳು ಹೊರಬಂದವು. ಎರಡು ವರ್ಷ ಅವು ಎಲ್ಲಿದ್ದವೋ, ಒಂದೂ ಕಡಿಮೆ ಇರಲಿಲ್ಲ.

ಒಂದು ತಾಸಿನಲ್ಲಿ ಚಾಚಾ ತನ್ನ ಬಾಬಿನ್ನನ್ನು ತಂದು ನಿಲ್ಲಿಸಿದ್ದೆಲ್ಲಿ? ಗುಡ್ಡದ ಹಿಂದೆ! ಪಡಸಾಲೆಯಲ್ಲಿ ಮಾಮಿ ಕೂಡ ಸುಪಾರಿ ಕತ್ತರಿಸುವುದನ್ನು ನಿಲ್ಲಿಸಿದಳು. ಕವಡೆ ಬಿದ್ದವು. ಚಾಚಾ ಅವುಗಳನ್ನು ಮುಟ್ಟಿ ನೋಡಿದ.

"ಈಗ ಹೇಳು. ನನ್ನ ತೋಪಿಗೆ ನಿನ್ನ ಬಾಗಲಾ ಕಾಣತೈತಿಲ್ಲೋ?"

ಮಾಮಾ ನನ್ನ ಕಡೆ ನೋಡಲಿಲ್ಲ. ಟೋಪಿ ತೆಗೆದು, ಬಗ್ಗಿ, ಕೆನ್ನೆಯನ್ನು ಹಲಗೆಗೆ ಒತ್ತಿ, ಬಾಬಿನ್ನಿನ ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದ. ನಡುವೆ ಗುಡ್ಡ ಇತ್ತು. ಚಿ. ಸೌ. ಗುಡ್ಡ, ಎಲ್ಲಕ್ಕಿಂತ ಎತ್ತರದ್ದು.

"ಕಾಣತೈತಿ," ಎಂದ.

ಕಡ್ಡಿಪೆಟ್ಟಿಗೆಯ ಕಡ್ಡಿಗಳಿಂದ ಮಾಡಿದ ಬಾಗಿಲನ್ನು ತಾನೇ ಕಿತ್ತು ಚಾಚಾನ ಅಂಗೈಗೆ ಇಟ್ಟ. ಚಾಚಾ ಅದನ್ನು ಹೆಬ್ಬೆರಳಿನಿಂದ ಮೇಲೆ ಕೆಳಗೆ ಸವರಿದ.

"ಯಾವ ಬಣ್ಣಾ ಹಚ್ಚೀದಿ?"

ಬಾಗಿಲಿಗೆ ಬಣ್ಣವೇ ಇರಲಿಲ್ಲ. ಬರಿಯ ಕಡ್ಡಿ.

"ಕೆಂಪು," ಎಂದ ಮಾಮಾ.

"ಚೊಲೋ ಆತು. ಕಿಲ್ಲಾಕ್ಕ ಕೆಂಪ ಒಪ್ಪತೈತಿ."

ಮುಂದಿನ ಭಾನುವಾರ ನಾನು ಬೆಳಗಿನ ಬಸ್ಸಿಗೇ ಹೋದೆ. ಮಾಮಾ ಅಂಗಳದ ಬಿಸಿಲಿನಲ್ಲಿ ಕೂತು ಆ ಬಾಗಿಲಿಗೆ ಕೆಂಪು ಹಚ್ಚುತ್ತಿದ್ದ, ಸಣ್ಣ ಬ್ರಷ್ಷಿನಿಂದ, ಕಡ್ಡಿ ಕಡ್ಡಿಗೂ. ನನ್ನನ್ನು ನೋಡಿ, "ಬೀಸಣಿಕಿ ತಗೊಂಡ ಬಾ" ಎಂದ. ಚಾಚಾ ಬರುವುದರೊಳಗೆ ಅದು ಒಣಗಬೇಕಿತ್ತು.